ಐದು ಸ್ಟಾರಿನ ಜನತಾ ವಾಚು

ಸುಮಾರು ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಲ್ಲಿ ರಿಲೀಸ್, ಊರಲ್ಲಿ ಅಡಿಕೆ ಕೊಯ್ಲು, ಮಧ್ಯೆ ಒಂದು ಮದುವೆ... ನೆಪಗಳಿಗೇನು ಬರ! ಮೊನ್ನೆ ಊಟದ ಹೊತ್ತಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಫೋನ್ ಮುಂದೆ ಹಿಡಿದು, "ಜಪಾನಿನವನೊಬ್ಬ ಹಳೇ ಕ್ಯಾಮೆರಾ ಲೆನ್ಸ್ ಹರಾಜಿಗೆ ಹಾಕಿದಾನೆ, ಬಿಡ್ ಮಾಡ್ಲಾ? ತೊಂಬತ್ತೊಂಬತ್ತು ಪರ್ಸೆಂಟ್ ಒಳ್ಳೆ ರೇಟಿಂಗ್ ಇದೆ" ಅಂದ. ಆಗಲೇ ಅಂದುಕೊಂಡೆ, ಇದನ್ನ ಬರೆದುಬಿಡಬೇಕು ಅಂತ. ಯಾಕೆ ಅಂದ್ರೆ ಇದೇ ವಾಕ್ಯವನ್ನ 2023ರಲ್ಲಿ ನಾನೂ ನನಗೇ ಹೇಳಿಕೊಂಡಿದ್ದೆ.

ಅಪ್ಪನ ಹತ್ತಿರ ಒಂದು ಎಚ್‌ಎಂಟಿ ಜನತಾ ಇತ್ತು. ಬಿಳಿ ಡಯಲ್, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ವಾಚು. ಅಜ್ಜ ಅಡಿಕೆ ಮಾರಿದ ದುಡ್ಡಲ್ಲಿ ಮದುವೆಗೆ ಮುಂಚೆ ಕೊಡಿಸಿದ್ದಂತೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅಪ್ಪ ಸೊಪ್ಪಿನಬೆಟ್ಟಕ್ಕೆ ಸೊಪ್ಪು ಕಡಿಯೋಕೆ ಹೋಗಿದ್ದವರು ಬರಿಗೈಯಲ್ಲಿ ಬಂದರು. ಬರಿಗೈ ಅಂದ್ರೆ ಸೊಪ್ಪಿತ್ತು, ವಾಚಿರಲಿಲ್ಲ. ಪಟ್ಟಿ ಕಿತ್ತು ಎಲ್ಲೋ ಬಿದ್ದುಹೋಗಿತ್ತು. ಮೂರು ದಿನ ದರಗು ಕೆದಕಿ ಹುಡುಕಿದರು. ಆಮೇಲೆ ಆ ಸುದ್ದಿ ಎತ್ತಲಿಲ್ಲ. ಆದರೆ ಇವತ್ತಿಗೂ ಹೊತ್ತು ಕೇಳಿದರೆ ಮೊದಲು ಎಡಗೈ ಮಣಿಕಟ್ಟು ನೋಡಿಕೊಂಡು, ಆಮೇಲೆ ಮೊಬೈಲ್ ಹುಡುಕುತ್ತಾರೆ.

ನಾನು ಆನ್‌ಸೈಟ್ ಅಂತ ನ್ಯೂಜೆರ್ಸಿಗೆ ಹೋಗಿದ್ದಾಗ ಒಂದು ರಾತ್ರಿ ನಿದ್ದೆ ಬರದೆ ಹರಾಜು ತಾಣವೊಂದನ್ನ ಜಾಲಾಡುತ್ತಾ ಇದ್ದೆ. (ಹೆಸರು ಬೇಡ ಬಿಡಿ, ಇದು ಯಾವ ತಾಣದಲ್ಲಾದರೂ ಆಗೋ ಕಥೆ.) ಅಲ್ಲಿ ಕಂಡಿತು: ಎಚ್‌ಎಂಟಿ ಜನತಾ, 17 ಜುವೆಲ್ಸ್, ಸರ್ವೀಸ್ ಮಾಡಿದ್ದು, ಒಳ್ಳೆಯ ಸ್ಥಿತಿ. ಮಾರುವವನು ಮುಂಬೈನವನು. ಸಾವಿರಗಟ್ಟಲೆ ಮಾರಿದ್ದಾನೆ, 99ಕ್ಕಿಂತ ಹೆಚ್ಚು ಶೇಕಡಾ ಜನ ಖುಷಿಯಾಗಿದ್ದಾರೆ. ಡಯಲ್ ಮಾತ್ರ ಬಿಳಿ ಅಲ್ಲ, ನವಿಲಿನ ಕತ್ತಿನ ನೀಲಿ. ಇನ್ನೂ ಚೆಂದ ಅಲ್ವಾ ಅಂದುಕೊಂಡೆ. ಕೊನೇ ಎರಡು ನಿಮಿಷದಲ್ಲಿ ಇನ್ನೊಬ್ಬ ಪೈಪೋಟಿಗೆ ಬಿದ್ದ, ನನಗೆ ರೋಷ ಬಂತು, 25 ಡಾಲರಿಗೆ ನಿಲ್ಲಿಸಬೇಕು ಅಂತಿದ್ದವನು 41 ಡಾಲರಿಗೆ ಗೆದ್ದೆ. ಬೆಂಗಳೂರಲ್ಲೇ ಹುಟ್ಟಿದ ಬ್ರಾಂಡಿನ ವಾಚು ಮುಂಬೈಯಿಂದ ನ್ಯೂಜೆರ್ಸಿಗೆ ಬಂದು, ಅಲ್ಲಿಂದ ನನ್ನ ಸೂಟ್‌ಕೇಸಿನಲ್ಲಿ ಸಾಗರಕ್ಕೆ ಹೋಯಿತು. ನಗಬೇಡಿ :)

ಅಪ್ಪ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಕಿವಿಗೆ ಇಟ್ಟುಕೊಂಡರು. "ಚೆನ್ನಾಗಿದೆ" ಅಂದರು. ಆಮೇಲೆ ಮೆಲ್ಲಗೆ, "ಇದು ಜನತಾ ಹೌದೇನೋ?" ಅಂತ ಕೇಳಿದರು.

ಮರುದಿನ ಪೇಟೆಯಲ್ಲಿ ವಾಚ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದು ಅರ್ಧ ನಿಮಿಷ ನೋಡಿದರು, ಅಷ್ಟೇ. ಡಯಲ್ಲಿನ ಹಳೇ ಬಣ್ಣ ಕೆರೆದು ಹೊಸದಾಗಿ ಬಳಿದು ಮೇಲೆ ಅಕ್ಷರ ಅಚ್ಚು ಹಾಕಿದ್ದಾರೆ. ಮುಳ್ಳುಗಳು ಬೇರೆ ವಾಚಿನವು, ಕೇಸು ಮತ್ತೊಂದರದ್ದು. ಒಳಗಿನ ಮಿಷನ್ ಎಚ್‌ಎಂಟಿಯದೇ, ಆದರೆ ತುಕ್ಕು ಹಿಡಿದಿದೆ, ಸರ್ವೀಸಿನ ಮುಖ ಕಂಡಿಲ್ಲ. "ನಾಲ್ಕು ವಾಚು ಸೇರಿಸಿ ಒಂದು ಮಾಡಿದ್ದಾರೆ ಸಾರ್. ಎಷ್ಟು ಕೊಟ್ರಿ?" ಅಂದರು. ಅಪ್ಪ ಪಕ್ಕದಲ್ಲೇ ಇದ್ದರು. ನಾನು ಅರ್ಧ ಹೇಳಿದೆ. ಆ ಅರ್ಧಕ್ಕೇ ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಆಮೇಲೆ ಓದಿಕೊಂಡಾಗ ತಿಳಿಯಿತು, ಹಳೇ ವಾಚು ಸಂಗ್ರಹಿಸೋರ ನಡುವೆ ಇದಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರೇ ಇದೆ. ಬೇರೆ ಬೇರೆ ವಾಚುಗಳ ಭಾಗ ಜೋಡಿಸಿದ್ದಕ್ಕೆ 'ಫ್ರಾಂಕನ್ ವಾಚ್' ಅಂತಾರೆ, ಫ್ರಾಂಕನ್‌ಸ್ಟೈನ್ ನೆನಪಲ್ಲಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ನಮ್ಮ ಅಪ್ಪಂದಿರ ಕೈಯಲ್ಲಿದ್ದ ಸಾಮಾನು ನಮಗೆ ಈಗ ಆಸೆಯ ಸಾಮಾನು. ಆಸೆ ಇದ್ದ ಕಡೆ ನಕಲಿ ಬರದೇ ಇರುತ್ತಾ?

ನಿಜವಾಗಿ ಹೊಟ್ಟೆ ಉರಿಸಿದ್ದು ದುಡ್ಡಲ್ಲ. ಪಾರ್ಸೆಲ್ ಬಂದ ಮೂರನೇ ದಿನಕ್ಕೇ ನಾನು ಆ ಮಾರಾಟಗಾರನಿಗೆ ಐದು ಸ್ಟಾರ್ ಕೊಟ್ಟು, "ಸುಂದರವಾದ ವಾಚು, ಬೇಗ ಬಂತು, ನಂಬಿಕಸ್ಥ" ಅಂತ ಇಂಗ್ಲಿಷಿನಲ್ಲಿ ಬರೆದು ಕೂತಿದ್ದೆ. ಸಾಗರದಲ್ಲಿ ಗುಟ್ಟು ರಟ್ಟಾಗುವಷ್ಟರಲ್ಲಿ ವಾಪಸ್ ಮಾಡುವ ಅವಧಿ ಮುಗಿದಿತ್ತು, ಬರೆದ ಮಾತು ಬದಲಿಸೋ ಅವಧಿಯೂ ಕಳೆದಿತ್ತು. ಅಂದರೆ ಅವನ 99 ಪರ್ಸೆಂಟಿನಲ್ಲಿ ನಾನೂ ಒಬ್ಬ! ನನ್ನ ಸ್ಟಾರ್ ನೋಡಿ ಇನ್ಯಾವನೋ ತನ್ನ ಅಪ್ಪನಿಗೆ ಅಂತ ನೀಲಿ ಜನತಾ ತಗೊಂಡಿರುತ್ತಾನೆ.

ಅದಕ್ಕೇ ಹೇಳ್ತಿರೋದು. "ರೇಟಿಂಗ್ ನೋಡಿ ಕೊಳ್ಳಿ" ಅನ್ನೋದು ಆನ್‌ಲೈನ್ ಹರಾಜಿನ ಬಗ್ಗೆ ಎಲ್ಲರೂ ಕೊಡೋ ಮೊದಲ ಸಲಹೆ, ನನ್ನ ಪ್ರಕಾರ ಅದೇ ಅತಿ ದುರ್ಬಲ ಸಲಹೆ. ಪಾರ್ಸೆಲ್ ಬಂತಾ, ಹೇಳಿದ ದಿನಕ್ಕೆ ಬಂತಾ, ಒಡೆದಿತ್ತಾ, ಇಷ್ಟನ್ನ ರೇಟಿಂಗ್ ಚೆನ್ನಾಗಿ ಹೇಳುತ್ತೆ. ಒಳಗಿರೋದು ಅಸಲಿಯಾ ಅನ್ನೋದನ್ನ ಹೇಳೋಕೆ ಕೊಂಡವನಿಗೆ ಅದು ಗೊತ್ತಿರಬೇಕಲ್ಲ? ಮೋಸ ಹೋಗಿದ್ದು ಗೊತ್ತಾಗದವನು ಖುಷಿಯಾಗೇ ಇರುತ್ತಾನೆ. ಮೋಸ ಎಷ್ಟು ನಾಜೂಕೋ ಸ್ಟಾರ್ ಅಷ್ಟು ಜಾಸ್ತಿ. ಟೆಸ್ಟ್ ಕೇಸೇ ಬರೆಯದೆ ಎಲ್ಲಾ ಟೆಸ್ಟೂ ಪಾಸ್ ಅಂತ ರಿಪೋರ್ಟ್ ಕಳಿಸಿದ ಹಾಗೆ, ನಮ್ಮ ಕಡೆಯವರಿಗೆ ಅರ್ಥವಾಗುತ್ತೆ.

ಈ ಸ್ಟಾರುಗಳ ಚರಿತ್ರೆಯೂ ಅಷ್ಟು ಶುದ್ಧ ಇಲ್ಲ. ಈಬೇ ಶುರುವಾಗಿದ್ದು 1995ರಲ್ಲಿ, ಫೀಡ್‌ಬ್ಯಾಕ್ ವ್ಯವಸ್ಥೆ ಬಂದಿದ್ದು 1996ರಲ್ಲಿ. ಮೊದಮೊದಲು ಕೊಳ್ಳುವವನೂ ಮಾರುವವನೂ ಇಬ್ಬರೂ ಒಬ್ಬರ ಮೇಲೊಬ್ಬರು ಒಳ್ಳೇದು ಕೆಟ್ಟದ್ದು ಬರೆಯಬಹುದಿತ್ತು. ಪರಿಣಾಮ ಏನು? ನೀನು ನನಗೆ ಕೆಟ್ಟದ್ದು ಬರೆದರೆ ನಾನೂ ನಿನಗೆ ಬರೀತೀನಿ ಅನ್ನೋ ಹೆದರಿಕೆಗೆ ಜನ ಬಾಯಿ ಮುಚ್ಚಿಕೊಂಡರು. 2008ರಲ್ಲಿ ಈಬೇ, ಮಾರಾಟಗಾರರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯೋದನ್ನೇ ನಿಲ್ಲಿಸಿತು. ಹೆದರಿಕೆ ಹೋಯಿತು, ಸರಿ. ಆದರೆ ಗೊತ್ತಾಗದೇ ಇರೋದಕ್ಕೆ ಯಾವ ನಿಯಮ ತರ್ತೀರಿ?

ಹಾಗಂತ ರೇಟಿಂಗ್ ನೋಡಲೇಬೇಡಿ ಅಂತಲ್ಲ. ಕೆಟ್ಟ ರೇಟಿಂಗ್ ಕೊಳ್ಳದೇ ಇರೋಕೆ ಸಾಕಷ್ಟು ಕಾರಣ. ಒಳ್ಳೇ ರೇಟಿಂಗ್ ಕೊಳ್ಳೋಕೆ ಕಾರಣ ಅಲ್ಲ, ಅಷ್ಟೇ ನನ್ನ ವಾದ.

ಹಾಗಾದರೆ ಏನನ್ನ ನೋಡಬೇಕು? ನಾನು ಮಾಡಿದ ತಪ್ಪಿನಿಂದಲೇ ಹೇಳ್ತೀನಿ. ಊರಿಂದ ವಾಪಸ್ ಬಂದಮೇಲೆ ಆ ಪುಟವನ್ನ ಮತ್ತೆ ತೆಗೆದು ಓದಿದೆ. ಸಿಟ್ಟಿನಲ್ಲಿ ಒಂದು ದೂರು ಬರೆಯೋಣ ಅಂತ. ಓದಿದರೆ, ಡಯಲ್ ಅಸಲಿ ಅಂತ ಅವನು ಎಲ್ಲೂ ಹೇಳಿಯೇ ಇರಲಿಲ್ಲ! 'ಸರ್ವೀಸ್ ಮಾಡಿದ್ದು' ಅನ್ನೋದೊಂದು ಸುಳ್ಳು, ಉಳಿದಿದ್ದೆಲ್ಲ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಅಜ್ಜ, ಅಡಿಕೆ ದುಡ್ಡು, ಸೊಪ್ಪಿನಬೆಟ್ಟ ಎಲ್ಲಾ ತುಂಬಿಕೊಂಡವನು ನಾನು.

ಈ ಖಾಲಿ ಜಾಗ ಬಿಡೋ ವಿದ್ಯೆಯ ದೊಡ್ಡ ಉದಾಹರಣೆ 2000ನೇ ಇಸವಿಯ ಮೇ ತಿಂಗಳಿನದು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ಕೆನೆತ್ ವಾಲ್ಟನ್ ಅನ್ನೋ ವಕೀಲ ಈಬೇಯಲ್ಲಿ ಒಂದು ದೊಡ್ಡ ಅಮೂರ್ತ ಪೇಂಟಿಂಗ್ ಹರಾಜಿಗೆ ಹಾಕಿದ, ಶುರುವಿನ ಬೆಲೆ 25 ಸೆಂಟು. ಯಾರ ಚಿತ್ರ ಅಂತ ಹೇಳಲಿಲ್ಲ. ಹೆಂಡತಿಗೆ ಇದನ್ನ ಮನೆಯೊಳಗೆ ಇಡೋಕೆ ಇಷ್ಟವಿಲ್ಲ, ಮಗು ಆಟದ ಗಾಡಿ ಗುದ್ದಿ ತೂತು ಮಾಡಿದೆ ಅಂತೆಲ್ಲ ಪಾಪದವನ ಹಾಗೆ ಕಥೆ ಕಟ್ಟಿದ. ಫೋಟೋದ ಮೂಲೆಯಲ್ಲಿ ಮಾತ್ರ 'ಆರ್‌ಡಿ 52' ಅನ್ನೋ ಗುರುತು. ಅದು ರಿಚರ್ಡ್ ಡೀಬೆನ್‌ಕಾರ್ನ್ ಅನ್ನೋ ಪ್ರಸಿದ್ಧ ಚಿತ್ರಕಾರನ ಸಹಿ ಅಂತ ನೋಡಿದವರೇ ಕಂಡುಹಿಡಿದರು, ಈ ಪೆದ್ದನಿಗೆ ಬೆಲೆ ಗೊತ್ತಿಲ್ಲ ಅಂತ ಒಳಗೊಳಗೇ ಹಿಗ್ಗಿ ಬಿಡ್ ಏರಿಸಿದರು. ನಿಂತಿದ್ದು 1,35,805 ಡಾಲರಿಗೆ! ಆ ಗುರುತನ್ನ ಬಿಡಿಸಿದ್ದು ವಾಲ್ಟನ್ನೇ. ಅವನು ಬೇರೆ ಐಡಿಯಿಂದ ತನ್ನ ಚಿತ್ರಕ್ಕೆ ತಾನೇ ಬಿಡ್ ಹಾಕಿದ್ದು ಬಯಲಾಗಿ ಈಬೇ ಮಾರಾಟ ರದ್ದು ಮಾಡಿತು. ವಿಚಾರಣೆಯಲ್ಲಿ ಅವನೂ ಅವನ ಸಂಗಡಿಗರೂ 40ಕ್ಕೂ ಹೆಚ್ಚು ಐಡಿ ಇಟ್ಟುಕೊಂಡಿದ್ದು ಹೊರಬಂತು. 2001ರಲ್ಲಿ ತಪ್ಪೊಪ್ಪಿಕೊಂಡ, ವಕೀಲಿಕೆ ಹೋಯಿತು. ಆಮೇಲೆ ಹೊಟ್ಟೆಪಾಡಿಗೆ ಏನು ಕಲಿತ ಗೊತ್ತಾ? ಪ್ರೋಗ್ರಾಮಿಂಗ್. ನಮ್ಮ ಬಳಗಕ್ಕೇ ಸೇರಿಕೊಂಡ ಮಾರಾಯ್ರೆ!

ಈ ಕಥೆಯಲ್ಲಿ ನನ್ನನ್ನ ಹೆಚ್ಚು ಕಾಡಿದ್ದು ಒಂದೇ ವಿಷಯ. ಬಿಡ್ ಮಾಡಿದವರು ತಾವು ಮೋಸ ಹೋಗ್ತಿದೀವಿ ಅಂದುಕೊಂಡಿರಲಿಲ್ಲ, ಮಾರುವವನಿಗೇ ಟೋಪಿ ಹಾಕ್ತಿದೀವಿ ಅಂದುಕೊಂಡಿದ್ದರು. "ಪಾಪ, ಅವನಿಗೆ ಬೆಲೆ ಗೊತ್ತಿಲ್ಲ" ಅಂತ ನಿಮಗೆ ಯಾವಾಗ ಅನ್ನಿಸುತ್ತೋ ಆವಾಗ ಬ್ರೌಸರ್ ಮುಚ್ಚಿ ಒಂದು ಲೋಟ ಕಾಫಿ ಕುಡಿದು ಬನ್ನಿ.

ಇನ್ನು ಬಿಡ್ಡಿಂಗಿನ ವಿಷಯ. ಈ ತಾಣಗಳಲ್ಲಿ ನೀವು ಹಾಕಬೇಕಾದ್ದು ನಿಮ್ಮ ಕೊನೇ ಬೆಲೆ. ನೂರು ಅಂತ ಹಾಕಿದರೂ, ಎರಡನೆಯವನು ಐವತ್ತಕ್ಕೆ ನಿಂತರೆ ನಿಮಗೆ ಐವತ್ತರ ಮೇಲೊಂದು ಸಣ್ಣ ಮೆಟ್ಟಿಲಿನ ಬೆಲೆಗೇ ಸಿಗುತ್ತೆ. ತುಂಬಾ ಚೆಂದದ ಲೆಕ್ಕ, ಎರಡನೆಯವನು ನಿಜವಾದ ಮನುಷ್ಯ ಆಗಿದ್ದರೆ. ಅವನು ಮಾರುವವನ ಭಾವನೋ ಅಥವಾ ಮಾರುವವನದೇ ಇನ್ನೊಂದು ಐಡಿಯೋ ಆಗಿದ್ದರೆ, ನಿಮ್ಮ ನೂರರ ಮಿತಿಯನ್ನ ಒಂದೊಂದೇ ಮೆಟ್ಟಿಲು ಹತ್ತಿ ತಡಕಿ, ಹತ್ತಿರ ಬಂದಾಗ ನಿಲ್ಲಿಸುತ್ತಾನೆ. ನನ್ನ 25 ಡಾಲರ್ 41 ಆಗಿದ್ದು ಹಾಗೇನಾ ಅಂತ ನನಗೆ ಇವತ್ತಿಗೂ ಅನುಮಾನ. ಈಬೇಯಲ್ಲಿ ಬಿಡ್ ಇತಿಹಾಸ ಅಂತ ಒಂದು ಪುಟ ಇದೆ. ಹೆಸರು ಮುಚ್ಚಿದ್ದರೂ, ಆ ಬಿಡ್ಡುದಾರ ತಿಂಗಳಲ್ಲಿ ಹಾಕಿದ ಬಿಡ್ಡುಗಳಲ್ಲಿ ಎಷ್ಟು ಶೇಕಡಾ ಇದೇ ಮಾರಾಟಗಾರನ ಹತ್ತಿರ ಅಂತ ತೋರಿಸುತ್ತೆ. ನೂರಕ್ಕೆ ನೂರು, ಬೇಕಾದಷ್ಟು ಬಿಡ್ಡು, ಆದರೆ ಗೆದ್ದದ್ದೇ ಇಲ್ಲ ಅನ್ನೋ ಹಾಗಿದ್ದರೆ ಅರ್ಥ ಮಾಡಿಕೊಳ್ಳಿ. ಕೊನೇ ಬೆಲೆಯನ್ನ ಹಗಲು ಹೊತ್ತಲ್ಲಿ, ಸಮಾಧಾನವಾಗಿ ಇದ್ದಾಗ ಒಂದು ಚೀಟಿಯಲ್ಲಿ ಬರೆದಿಡಿ. ರಾತ್ರಿ ಹನ್ನೊಂದೂವರೆಗೆ ಪೈಪೋಟಿ ಬಿದ್ದಾಗ ನಿರ್ಧಾರ ಮಾಡೋದು ನೀವಲ್ಲ, ನಿಮ್ಮ ರೋಷ.

ಸೋತ ಮೇಲೂ ಹುಷಾರಾಗಿರಬೇಕು, ಇದು ತಮಾಷೆ ಅಲ್ಲ. ಮುಂದೆ ಇನ್ನೊಂದು ಜನತಾಕ್ಕೆ ಬಿಡ್ ಮಾಡಿ ಸೋತಿದ್ದೆ. ಎರಡು ಗಂಟೆಯಲ್ಲಿ ಒಂದು ಮೇಲ್: "ಗೆದ್ದವನು ಕೈ ಕೊಟ್ಟ, ನಿಮ್ಮ ಬೆಲೆಗೇ ಕೊಡ್ತೀನಿ, ಆದರೆ ತಾಣದ ಕಮಿಷನ್ ಉಳಿಸೋಕೆ ನೇರ ನನ್ನ ಖಾತೆಗೆ ಹಾಕಿ." ಸೋತವರಿಗೆ ಎರಡನೇ ಅವಕಾಶ ಕೊಡೋ ವ್ಯವಸ್ಥೆ ನಿಜವಾಗಿ ಇದೆ, ಆದರೆ ಅದು ತಾಣದ ಒಳಗೇ, ನಿಮ್ಮ ಖಾತೆಯ ಸಂದೇಶಗಳಲ್ಲೇ ಬರುತ್ತೆ, ದುಡ್ಡೂ ಅಲ್ಲೇ ಕಟ್ಟಬೇಕು. ಹೊರಗೆ ಕರೆದ ಕ್ಷಣ ತಾಣದ ರಕ್ಷಣೆ ಅಲ್ಲಿಗೆ ಮುಗೀತು. ಆ ಮೇಲ್ ಬರೆದವನು ಮಾರಾಟಗಾರನೇ ಹೌದಾ ಅನ್ನೋದೂ ನಿಮಗೆ ಗೊತ್ತಾಗಲ್ಲ. 'ಎಸ್ಕ್ರೋ' ಅಂತ ಅವರೇ ಸೂಚಿಸೋ ಯಾವುದೋ ಹೆಸರು ಕೇಳದ ಮಧ್ಯವರ್ತಿ ತಾಣವೂ ಇದೇ ಜಾತಿ. ಬರೋ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ.

ಅದೂ ಸಾಲದ ಸಂದರ್ಭ ಇದೆ. ರೊಮೇನಿಯಾದ 'ಬೇರಾಬ್' ಅನ್ನೋ ಗುಂಪು ಈಬೇಯಲ್ಲಿ ಇಲ್ಲದ ಕಾರುಗಳನ್ನ ಹರಾಜಿಗೆ ಹಾಕುತ್ತಿತ್ತು. ಕಾರಿನ ಫೋಟೋ ಅಂತ ಕಳಿಸಿದ ಫೈಲಿನಲ್ಲಿ ವೈರಸ್. ಅದು ಕಂಪ್ಯೂಟರಿನೊಳಗೆ ಕೂತು, ನೀವು ಸರಿಯಾದ ವಿಳಾಸ ಹೊಡೆದರೂ ನಕಲಿ ಪುಟ ತೋರಿಸುತ್ತಿತ್ತು, ಅದರಲ್ಲಿ ಮಾರಾಟಗಾರನ ರೇಟಿಂಗ್ ಕೂಡಾ ಥಳಥಳ. ಸಿಮ್ಯಾಂಟೆಕ್ ಕಂಪನಿ 2007ರಲ್ಲೇ ಇದರ ಬಗ್ಗೆ ಬರೆದಿತ್ತು. ಗುಂಪಿನವರನ್ನ ಹಿಡಿದು ಅಮೆರಿಕಾಕ್ಕೆ ತಂದಿದ್ದು 2016ರಲ್ಲಿ, 2019ರಲ್ಲಿ ಇಬ್ಬರಿಗೆ 20 ಮತ್ತು 18 ವರ್ಷ ಜೈಲಾಯಿತು. ಮಾರುವವನು ಕಳಿಸಿದ ಅಟ್ಯಾಚ್‌ಮೆಂಟ್ ತೆರೆಯಲೇಬೇಡಿ, ಫೋಟೋ ಇದ್ದರೆ ತಾಣದಲ್ಲೇ ಹಾಕು ಅನ್ನಿ.

ನಮ್ಮ ದೇಶದಲ್ಲಿ ಈಗ ಹರಾಜು ತಾಣ ಅಂತ ಹೇಳಿಕೊಳ್ಳುವಂಥದ್ದು ಕಡಿಮೆ. 'ಬಾಜೀ' ನೆನಪಿದೆಯಾ ಹಳಬರಿಗೆ? ಅದನ್ನ 2004ರಲ್ಲಿ ಈಬೇ ಕೊಂಡಿತು, ಈಬೇ ಇಂಡಿಯಾ 2017ರಲ್ಲಿ ಫ್ಲಿಪ್‌ಕಾರ್ಟ್ ಪಾಲಾಗಿ 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಅದರಲ್ಲಿ 'ಪೈಸಾಪೇ' ಅಂತ ಒಂದಿತ್ತು, ಕೊಂಡವನ ದುಡ್ಡು ಸಾಮಾನು ತಲುಪೋವರೆಗೆ ಮಧ್ಯದಲ್ಲಿ ನಿಲ್ಲುತ್ತಿತ್ತು. ಈಗ ಹಳೇ ಸಾಮಾನು ಕೊಳ್ಳೋದು ವಾಟ್ಸ್ಯಾಪ್, ಫೇಸ್‌ಬುಕ್ ಗುಂಪುಗಳಲ್ಲಿ. ಕಾಮೆಂಟಿನಲ್ಲೇ ಹರಾಜು, ದುಡ್ಡು ಯುಪಿಐನಲ್ಲಿ. ಮಧ್ಯೆ ನಿಲ್ಲೋಕೆ ಯಾರೂ ಇಲ್ಲ. ಯುಪಿಐನಲ್ಲಿ ನೀವೇ ಪಿನ್ ಹಾಕಿ ಕಳಿಸಿದ ದುಡ್ಡನ್ನ ವಾಪಸ್ ಎಳೆಯೋ ಗುಂಡಿ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕಿಗೆ ತಕರಾರು ಹಾಕುವ ದಾರಿಯಾದರೂ ಇರುತ್ತೆ. ಹೋಗೇಬಿಟ್ಟರೆ 1930ಕ್ಕೆ ಫೋನ್ ಮಾಡಿ, ಅದು ಕೇಂದ್ರದ ಸೈಬರ್ ಅಪರಾಧ ಸಹಾಯವಾಣಿ. ನಾಳೆ ಬೆಳಿಗ್ಗೆ ಅಂತ ಕೂರಬೇಡಿ, ದುಡ್ಡು ಮುಂದಿನ ಖಾತೆಗೆ ಹಾರೋ ಮೊದಲು ತಡೆಯೋಕೆ ಸಾಧ್ಯ ಆದರೆ ಅದು ಮೊದಲ ಕೆಲವು ಗಂಟೆಗಳಲ್ಲಿ.

"ತಾಣದವರೇ ನಕಲಿ ತಡೀಬೇಕಲ್ವಾ?" ಅಂತ ಟೀಮಿನ ಹುಡುಗ ಕೇಳಿದ. ಕೇಳಬೇಕಾದ್ದೇ. ಟಿಫಾನಿ ಅನ್ನೋ ಆಭರಣದ ಕಂಪನಿ ಇದನ್ನೇ ಹಿಡಿದು 2004ರಲ್ಲಿ ಈಬೇ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತ್ತು. 2008ರಲ್ಲಿ ಸೋತಿತು, ಅದು ಟ್ರೇಡ್‌ಮಾರ್ಕ್ ಉಲ್ಲಂಘನೆ ಅಲ್ಲ ಅನ್ನೋ ತೀರ್ಪನ್ನ 2010ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ತಾಣದಲ್ಲಿ ಎಲ್ಲೋ ನಕಲಿ ಇದೆ ಅನ್ನೋ ಸಾಮಾನ್ಯ ತಿಳಿವಳಿಕೆ ಸಾಲದು, ಇಂಥ ಮಾರಾಟವೇ ನಕಲಿ ಅಂತ ಗೊತ್ತಿದ್ದೂ ಬಿಟ್ಟಿದ್ದರೆ ಮಾತ್ರ ಹೊಣೆ ಅನ್ನೋ ಅರ್ಥ. ಅಷ್ಟು ದೊಡ್ಡ ಕಂಪನಿಗೇ ಹೀಗೆ ಆದಮೇಲೆ ನನ್ನ 41 ಡಾಲರಿನ ಜನತಾಕ್ಕೆ ಯಾವ ಕೋರ್ಟು?

ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರಿಗೆ ಆಶ್ಚರ್ಯ ಆಗಿದ್ದು ಒಂದೇ, "ನೋಡದೆ ಹರಾಜು ಕೂಗ್ತಾರಾ?" ಅಂತ. ಅಡಿಕೆ ಮಂಡಿಯಲ್ಲಿ ಟೆಂಡರ್ ಇದ್ದ ದಿನ ಹೋಗಿ ನೋಡಿ. ವ್ಯಾಪಾರಿ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಹಿಡಿ ಎತ್ತುತ್ತಾನೆ, ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಆಮೇಲೆ ಧಾರಣೆ ಬರೆಯುತ್ತಾನೆ. ಬೆಳೆಗಾರ ಒಳ್ಳೇ ಮನುಷ್ಯ ಅಂತ ಊರಿಗೇ ಗೊತ್ತಿದ್ದರೂ ಕತ್ತರಿಸಿಯೇ ನೋಡೋದು, ಅದರಲ್ಲಿ ಯಾರಿಗೂ ಬೇಜಾರಿಲ್ಲ. ನಾವು ಮಾತ್ರ ಬೆಳೆಗಾರನ ಜಾತಕ ನೋಡಿ ಬೆಲೆ ಬರೀತಿದೀವಿ.

ಹಾಗಾಗಿ ಮೂರನೇ ಸಲ ನಾನು ಅಡಿಕೆ ಕತ್ತರಿಸಿದೆ. ಹೋದ ವರ್ಷ ಒಂದು ಫೇಸ್‌ಬುಕ್ ಗುಂಪಿನಲ್ಲಿ ತುಮಕೂರಿನ ಕಡೆಯ ನಿವೃತ್ತರೊಬ್ಬರು ಜನತಾ ಮಾರಾಟಕ್ಕಿಟ್ಟಿದ್ದರು. ಅವರಿಗೆ ರೇಟಿಂಗ್ ಇಲ್ಲ, ಮಾರುತ್ತಿರೋದೇ ಮೊದಲ ಸಲ. ಬಿಡ್ ಹಾಕೋ ಮೊದಲೇ ಎಲ್ಲರಿಗೂ ಕಾಣೋ ಹಾಗೆ ಕೇಳಿದೆ: ಡಯಲ್ ಅಸಲಿಯಾ, ಬಣ್ಣ ಹಾಕಿಸಿದ್ದಾ? ಹಿಂದಿನ ಮುಚ್ಚಳ ತೆಗೆದು ಫೋಟೋ ಹಾಕ್ತೀರಾ? ಡಯಲ್ಲಿನ ಅಕ್ಷರದ ಹತ್ತಿರದ ಫೋಟೋ? ಮುಂಬೈನವನಿಗೆ ಹೀಗೆ ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ ಅನ್ನಿಸುತ್ತೆ, ಬಂದಿದ್ದರೆ ಬರಹದಲ್ಲಿ ಸಿಕ್ಕಿಬೀಳುತ್ತಿದ್ದ. ಇವರು ಸಂಜೆ ರಿಪೇರಿ ಅಂಗಡಿಗೆ ಹೋಗಿ ಮುಚ್ಚಳ ತೆಗೆಸಿ ಫೋಟೋ ಹಾಕಿದರು, ಕೈ ನಡುಗಿ ಸ್ವಲ್ಪ ಮಸುಕಾಗಿತ್ತು. ಜೊತೆಗೆ, "ಗಾಜು ಗೀರಿದೆ, ಪಟ್ಟಿ ನನ್ನದಲ್ಲ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ" ಅಂತ ತಾವಾಗೇ ಬರೆದರು. ಚೀಟಿಯಲ್ಲಿ ಬರೆದಿಟ್ಟ ಬೆಲೆಗಿಂತ ಇನ್ನೂರು ರೂಪಾಯಿ ಕಡಿಮೆಗೆ ಸಿಕ್ಕಿತು. ನಾನೇ ಹೋಗಿ, ಕೈಯಲ್ಲಿ ಹಿಡಿದು, ದುಡ್ಡು ಕೊಟ್ಟು ತಂದೆ. ಅವರ ಮನೆಯವರು ಕಾಫಿ ಕೊಟ್ಟರು.

ಡಯಲ್ ಈಗ ಬಿಳಿ ಅಲ್ಲ, ಹಳದಿಗೆ ತಿರುಗಿದೆ. ಅಪ್ಪ ಈ ಸಲ ಏನೂ ಕೇಳಲಿಲ್ಲ, ಕೀ ಕೊಟ್ಟು ಕಟ್ಟಿಕೊಂಡರು. ನಾಲ್ಕು ನಿಮಿಷ ಹಿಂದೆ ಬೀಳೋದನ್ನ ಬೆಳಗಿನ ರೇಡಿಯೊ ವಾರ್ತೆಗೆ ಸರಿಯಾಗಿ ಮುಂದೆ ತಿರುಗಿಸಿಕೊಳ್ಳುತ್ತಾರೆ. ನೀಲಿ ಜನತಾ ನನ್ನ ಮೇಜಿನ ಡ್ರಾಯರಿನಲ್ಲಿದೆ, ಲೆನ್ಸಿನ ಹುಡುಗನಿಗೆ ನಾಳೆ ಅದನ್ನೇ ತೋರಿಸೋಣ ಅಂತ ಬ್ಯಾಗಿಗೆ ಹಾಕಿಕೊಂಡಿದ್ದೇನೆ.